ಹಿಪ್ಪುನೇರಳೆ ತೋಟದೊಳಗಿನ ಹಾಡು

ಹೆಣ್ಣುಮಗಳ ಹಿಂದೆ ಯಾರೋ ಬಿದ್ದಿದ್ದಾನೆ ಎಂದರೆ ನಮ್ಮ ಕಡೆ ಮೊದಲು ಕೇಳುವುದು, ‘ಇವಳೇನು ಮಾಡಿದಳು?’ ಎಂದು. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಅದಕ್ಕೇ ನಮ್ಮ ಬೀದಿಯಲ್ಲಿ ನಡೆದದ್ದನ್ನು ಹೇಳುತ್ತೇನೆ.

ಕುದೂರಿನ ಸುತ್ತ ರಾಗಿ ಹೊಲವೆಲ್ಲ ಹಿಪ್ಪುನೇರಳೆಯಾಗಿದ್ದ ಕಾಲ. ರೇಷ್ಮೆಗೂಡಿಗೆ ರಾಮನಗರದಲ್ಲಿ ಒಳ್ಳೆಯ ಬೆಲೆ. ಪಕ್ಕದ ಮನೆಯ ಮಂಚಯ್ಯನೂ ಕುರಿ ಮಾರಿ ಹುಳು ಸಾಕಲು ಕೂತ. ಅವನ ಮಗಳು ಲಕ್ಷ್ಮಿದೇವಿ ಮದುವೆ ಮನೆಗಳಲ್ಲಿ ಸೋಬಾನೆ ಹಾಡುತ್ತಿದ್ದಳು. ಅವಳು ದನಿ ಎತ್ತಿದರೆ ಅಡುಗೆಯವರು ಸೌಟು ಹಿಡಿದುಕೊಂಡೇ ಈಚೆ ಬರುತ್ತಿದ್ದರು.

ಹುಳು ಹಣ್ಣಾದಾಗ, ಅಂದರೆ ಗೂಡು ಕಟ್ಟಲು ತಲೆ ಎತ್ತಿದಾಗ, ಅವನ್ನು ಚಂದ್ರಿಕೆ ಎಂಬ ಬಿದಿರಿನ ತಟ್ಟಿಯ ಮೇಲೆ ಬಿಡಬೇಕು. ತಡವಾದರೆ ಬೆಳೆ ಹಾಳು. ಎಲ್ಲರ ಮನೆಯಲ್ಲೂ ಬೇಕಾದಷ್ಟು ಚಂದ್ರಿಕೆ ಇರುವುದಿಲ್ಲ, ಬಾಡಿಗೆಗೆ ತರಬೇಕು. ಹಾಗೆ ಬಾಡಿಗೆಗೆ ಕೊಡುತ್ತಿದ್ದವನು ಗಂಗಯ್ಯ. ಅವನ ಗಾಡಿಗಾಗಿ ಊರೇ ಕಾಯುತ್ತಿತ್ತು.

ಈ ಗಂಗಯ್ಯ ಒಂದು ಮದುವೆಯಲ್ಲಿ ಲಕ್ಷ್ಮಿದೇವಿಯ ಹಾಡು ಕೇಳಿದ. ಆಮೇಲೆ ಅವಳು ಹಾಡುವ ಕಡೆಯೆಲ್ಲ, ಕರೆಯಲಿ ಬಿಡಲಿ, ಎದುರಿಗೇ ಬಂದು ಕೂರತೊಡಗಿದ. ತೊಡೆಯ ಮೇಲೆ ಟೇಪ್ ರೆಕಾರ್ಡರ್. ಬಳೆ ಕಳಿಸಿದ, ಸೀರೆ ಕಳಿಸಿದ. ಮಂಚಯ್ಯನ ಮನೆಗೆ ಎಲ್ಲರಿಗಿಂತ ಮೊದಲು ಚಂದ್ರಿಕೆ ಇಳಿಸಿ, ಬಾಡಿಗೆಯೂ ಬೇಡವೆಂದ.

“ಹಾಡಿನ ಬೆಲೆ ತಿಳಿದೋನು ಕಣವ್ವ,” ಎಂದು ಮಂಚಯ್ಯ ಹಿಗ್ಗಿದ.

“ಅಪ್ಪಾ, ನೀರಿಗೆ ಹೋದ್ರೆ ಬಾವಿತಾವ್ಲೂ ನಿಂತಿರ್ತಾನೆ. ನಂಗೆ ಹೆದ್ರಿಕೆ ಆಯ್ತದೆ.”

“ನೋಡುದ್ರೆ ಸವೆದೋಯ್ತೀಯಾ? ಸುಮ್ನಿರು.”

ಹುಳುಮನೆಯೊಳಗೆ ನಾವು ಹೊರಗಿನವರನ್ನು ಬಿಡುವುದಿಲ್ಲ, ರೋಗ ತರುತ್ತಾರೆಂದು. ಬೀಗರು ಬಂದರೂ ಬಾಗಿಲಾಚೆಗೇ ನಿಲ್ಲಿಸುತ್ತೇವೆ. ಆದರೆ ಗಂಗಯ್ಯ ಚಂದ್ರಿಕೆ ಹೊತ್ತು, ಅವಳು ಸೊಪ್ಪು ಹಾಕುವ ಜಾಗಕ್ಕೇ ನುಗ್ಗುತ್ತಿದ್ದ. ಚಂದ್ರಿಕೆಯವನಲ್ಲವೇ, ಯಾರು ಕೇಳುತ್ತಾರೆ!

ಒಂದು ಬೆಳಿಗ್ಗೆ ಲಕ್ಷ್ಮಿದೇವಿ ಒಬ್ಬಳೇ ತೋಟದಲ್ಲಿ ಸೊಪ್ಪು ಕುಯ್ಯುತ್ತಿದ್ದಳು. ಆಳೆತ್ತರದ ಗಿಡ. ಅದರೊಳಗಿಂದ ಯಾರೋ ಹಾಡುವುದು ಕೇಳಿಸಿತು. ಕಿವಿಗೊಟ್ಟಳು. ಅದು ಅವಳದೇ ದನಿ! ಅವಳು ಮುಂದಿನ ಸಾಲಿಗೆ ಹೋದರೆ ಹಾಡೂ ಮುಂದಿನ ಸಾಲಿಗೆ ಬಂತು. ಆಮೇಲೆ ಟೇಪು ಟಕ್ಕೆಂದು ನಿಂತಿತು.

“ಇನ್ಮೇಕೆ ನಂಗೊಬ್ಬನಿಗೇ ಹಾಡ್ಬೇಕು. ಬ್ಯಾರೆಯೋರ ಮುಂದೆ ಹಾಡುದ್ರೆ ಆ ಗಂಟಲೇ ಇರಾಕಿಲ್ಲ,” ಎಂದಿತು ಗಂಗಯ್ಯನ ದನಿ.

ಕುಕ್ಕೆ ಬಿಸಾಡಿ ಮನೆಗೆ ಓಡಿಬಂದಳು. ಮನೆಯಲ್ಲಿ ಏನು ತೀರ್ಮಾನವಾಯಿತು ಗೊತ್ತೇ? ಇನ್ನು ಮೇಲೆ ಹಾಡುವುದೇ ಬೇಡ ಎಂದು. ಬೀದಿಯವರೂ ತಲೆಯಾಡಿಸಿದರು. ನನಗೆ ಹಣೆ ಚಚ್ಚಿಕೊಳ್ಳಬೇಕೆನಿಸಿತು.

ಮಹಿಳಾ ಮಂಡಲಿಯ ಹನುಮಂತಮ್ಮ ಅವತ್ತೇ ಬಂದು ಜಗಲಿಯ ಮೇಲೆ ಕೂತಳು.

“ಮಂಚಣ್ಣ, ಊಜಿ ನೊಣ ಬಂದು ಹುಳದ ಮೇಲೆ ಮೊಟ್ಟೆ ಇಕ್ಕುದ್ರೆ ಏನ್ ಮಾಡೀಯೆ?”

“ನೊಣ ಹೊಡೀತೀನಿ. ಕಿಟಕೀಗೆ ಪರದೆ ಕಟ್ತೀನಿ.”

“ಹುಳಕ್ಕೆ ಬಯ್ಯಾಕಿಲ್ವಾ, ನೀನ್ಯಾಕೆ ಸೊಪ್ಪು ತಿಂದೆ ಅಂತ?”

ಮಂಚಯ್ಯನ ಹೆಂಡತಿ ಭದ್ರಮ್ಮ ಅಷ್ಟು ಸಂಕಟದಲ್ಲೂ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಮಂಚಯ್ಯ ಸಿಡುಕಿದ. “ಹುಳ ನಾಳೀಕೆ ಹಣ್ಣಾಯ್ತವೆ. ಅವನ್ನ ಎದುರಾಕ್ಕೊಂಡು ಚಂದ್ರಿಕೆ ಎಲ್ಲಿಂದ ತರ್ಲಿ, ನಿನ್ ಬುರುಡೆ ಒಳಗಿಂದ್ಲಾ?”

“ತಮಾಸೆ ಸಾಕು. ಎಲ್ಲೆಲ್ಲಿ ಹಿಂದೆ ಬಂದ, ಯಾರ್‍ಯಾರು ನೋಡವ್ರೆ, ನೆಪ್ಪು ಮಾಡ್ಕೊಳ್ಳಿ. ಸೀರೆ ಬಳೆ ಎಸೀಬ್ಯಾಡಿ, ಅವೇ ಸಾಕ್ಷಿ. ಏಳು, ಸ್ಟೇಷನ್ನಿಗೆ ಹೋಗಾನ.”

“ಮಾನ ಹೋಯ್ತದೆ ಕಣಮ್ಮ!”

“ಯಾರ ಮಾನ? ಗಿಡದ ಸಂದೀಲಿ ಅವುತ್ಕೊಂಡಿದ್ದೋನದಾ?”

ಮಂಚಯ್ಯ ಏಳಲೇ ಇಲ್ಲ.

ಮಾರನೆಯ ದಿನ ಹುಳು ಹಣ್ಣಾದವು. ಗಂಗಯ್ಯನ ಗಾಡಿ ಚಂದ್ರಿಕೆ ಹೇರಿಕೊಂಡು ಬಂತು. ಆದರೆ ಒಂದನ್ನೂ ಇಳಿಸಲಿಲ್ಲ.

“ಲಕ್ಷ್ಮೀನ ಗಾಡಿ ಹತ್ಸು. ನಮ್ಮನೇಲಿ ಒಂದು ಹಾಡು ಹೇಳ್ಬುಟ್ಟು ಬರ್ಲಿ. ಆಮೇಕೆ ಇಳಿಸ್ತೀನಿ.”

ಒಳಗೆ ಹುಳುಗಳು ತಟ್ಟೆಯ ಅಂಚು ಹತ್ತುತ್ತಿದ್ದವು. ಮಂಚಯ್ಯ ಹುಳು ನೋಡಿದ, ಮಗಳನ್ನು ನೋಡಿದ. “ಒಂದು ಹಾಡು ತಾನೇ ಕಣವ್ವ...” ಎಂದ.

“ಹುಳ ಹೋದ್ರೆ ಇನ್ನೊಂದು ಬೆಳೆ ಇಕ್ಬೋದು ಅಪ್ಪ. ನಾನು ಆ ಗಾಡಿ ಹತ್ತುದ್ರೆ?”

ಮಂಚಯ್ಯ ಎದ್ದು ಹೊರಗೆ ಹೋದವನೇ ಎತ್ತಿನ ಮೂಗುದಾರ ಹಿಡಿದು ಗಾಡಿಯನ್ನು ಬಂದ ದಾರಿಗೇ ತಿರುಗಿಸಿದ. “ನಿನ್ ತಟ್ಟೀನೂ ಬ್ಯಾಡ, ನೀನೂ ಬ್ಯಾಡ. ನಡಿಯಲಾ!”

ಗಂಗಯ್ಯ ಗಾಡಿಯಿಂದ ಮಚ್ಚು ಹಿರಿದು ಬಾಗಿಲಿಗೇ ನುಗ್ಗಿದ. ಊರಲ್ಲೇ ಗೂಡಿನಿಂದ ನೂಲು ಬಿಚ್ಚುತ್ತಿದ್ದ ಮುನಾವರ್ ಗಲಾಟೆ ಕೇಳಿ ಓಡಿಬಂದು, ಹಿಂದಿನಿಂದ ಅವನ ಕೈ ತಿರುಚಿದ. ಹನುಮಂತಮ್ಮನೂ ಮಂಡಲಿಯ ಹೆಂಗಸರೂ ಬಾಗಿಲಿಗೆ ಅಡ್ಡ ನಿಂತರು. ಅವನನ್ನು ಅವನದೇ ಹಗ್ಗದಲ್ಲಿ ಕಟ್ಟಿ ಕೂರಿಸಿ, ಪೊಲೀಸರಿಗೆ ಹೇಳಿಕಳಿಸಿದೆವು. ಅವರು ಬಂದು ಹಿಡಿದುಕೊಂಡು ಹೋದರು.

ಹುಳು? ಬೀದಿಯವರು ತಮ್ಮಲ್ಲಿದ್ದ ಹಳೆಯ ಚಂದ್ರಿಕೆ ತಂದರು. ಸಾಲದ್ದಕ್ಕೆ ಒಣ ಕಡ್ಡಿ, ಹುಲ್ಲು ಹರಡಿ ಅದರ ಮೇಲೆ ಬಿಟ್ಟೆವು. ಗೂಡು ಸೊಟ್ಟಪಟ್ಟ ಬಂದವು, ಬೆಲೆಯೂ ಕಡಿಮೆ ಸಿಕ್ಕಿತು. ಸಿಗಲಿ ಬಿಡಿ. ಮಂಚಯ್ಯ ತಾನೇ ಮಗಳ ಜೊತೆ ಹೋಗಿ, ಸೀರೆ, ಬಳೆ, ಗಾಡಿಯಲ್ಲಿ ಸಿಕ್ಕ ಟೇಪ್ ರೆಕಾರ್ಡರ್ ಎಲ್ಲವನ್ನೂ ಸ್ಟೇಷನ್ನಿನಲ್ಲಿಟ್ಟು ದೂರು ಬರೆಸಿದ.

ಆಮೇಲೆ ಬೈರಾಪಟ್ಟಣದ ಒಂದು ಮದುವೆಯಲ್ಲಿ ಲಕ್ಷ್ಮಿದೇವಿ ಮತ್ತೆ ಹಾಡಿದಳು. ಮೊದಲ ಸಾಲಿಗೆ ದನಿ ನಡುಗಿತು. ಗಂಗಯ್ಯ ಕೂರುತ್ತಿದ್ದ ಜಾಗದಲ್ಲಿ ಅವತ್ತು ಮಂಚಯ್ಯ ಕೂತಿದ್ದ. ಅವನನ್ನು ನೋಡಿ ಎರಡನೆಯ ಸಾಲು ಎತ್ತಿದಳು.

ಈಗ ಟೇಪ್ ರೆಕಾರ್ಡರ್ ಹೋಗಿ ಮೊಬೈಲು ಬಂದಿದೆ. ಗಂಗಯ್ಯನಂಥವರು ಹೋಗಿಲ್ಲ. ಬೇಡವೆಂದ ಮೇಲೂ ಹಿಂದೆ ಬೀಳುವುದು, ಫೋನಿನಲ್ಲಿ ಕಾಡುವುದು ಅಭಿಮಾನವಲ್ಲ, ಅಪರಾಧ. ಬಂದ ಮೆಸೇಜು ಅಳಿಸಬೇಡಿ. ಕಂಡವರ ಹೆಸರು ಮರೆಯಬೇಡಿ. ಅಪಾಯವೆನಿಸಿದರೆ ತಕ್ಷಣ 112ಕ್ಕೆ ಫೋನ್ ಮಾಡಿ. ಮಹಿಳಾ ಸಹಾಯವಾಣಿ 181 ಇದೆ. ಹುಳುಮನೆ ಬಾಗಿಲಲ್ಲಿ ಬೀಗರನ್ನೇ ತಡೆಯುವ ಅಪ್ಪಂದಿರೇ, ಅಣ್ಣಂದಿರೇ, ಮಗಳು ‘ಹೆದರಿಕೆ ಆಗುತ್ತದೆ’ ಎಂದ ದಿನವೇ ಏಳಿ. ಸುಮ್ಮನಿರು ಎಂದು ಮಾತ್ರ ಅವಳಿಗೆ ಹೇಳಬೇಡಿ.