ಚೆಂಡು ಸರಿದಾಗ

ಮಸ್ಕತ್‌ನಲ್ಲಿ ಸಮುದ್ರಕ್ಕೆ ತಾಗಿಕೊಂಡಿರುವ ಆ ಗಾಲ್ಫ್ ಮೈದಾನದ ಹುಲ್ಲನ್ನು ಕೊಗ್ಗ ಹದಿನಾರು ವರ್ಷದಿಂದ ನೋಡಿಕೊಳ್ಳುತ್ತಿದ್ದ. ಮೂಲ್ಕಿ ಕಡೆಯವನು, ವಯಸ್ಸು ಐವತ್ತೆರಡು. ಪೈಪು ಹಾಕಿಸುವುದು, ನೀರು ಬಿಡಿಸುವುದು, ಬೆಳಗಾಗುತ್ತಲೇ ಹುಲ್ಲು ಕತ್ತರಿಸುವ ಯಂತ್ರಗಳನ್ನು ಹೊರಡಿಸುವುದು ಅವನ ಕೆಲಸ. ಆಟಗಾರರ ಚೀಲ ಹೊತ್ತವನಲ್ಲ, ಹೊರುವ ಆಸೆಯೂ ಇರಲಿಲ್ಲ.

ಆದರೆ ಆ ನವೆಂಬರಿನಲ್ಲಿ, ಮಹಿಳೆಯರ ನಾಲ್ಕು ದಿನದ ಟೂರ್ನಿಯ ಎರಡನೆಯ ದಿನ ಸಂಜೆ, ಮ್ಯಾನೇಜರ್ ನೊರ್ಬರ್ಟ್ ಅವನನ್ನು ಆಫೀಸಿಗೆ ಕರೆಸಿದ. ಸ್ವೀಡನ್ನಿನ ಆಟಗಾರ್ತಿ ತೂವಾ ಸೆಡರ್‌ವಾಲ್‌ಳ ಕ್ಯಾಡಿ ಬಂಡೆಯ ಮೇಲೆ ಜಾರಿ ಬಿದ್ದು ಪಾದ ಮುರಿದುಕೊಂಡಿದ್ದ. ಚೀಲ ಹೊತ್ತು ಜೊತೆಗೆ ನಡೆದು ಸಲಹೆ ಕೊಡಲು ಇನ್ನೆರಡು ದಿನದ ಮಟ್ಟಿಗೆ ಯಾರಾದರೂ ಬೇಕಾಗಿತ್ತು. ತನಗೆ ಆಟದ ಗಂಧವಿಲ್ಲ ಎಂದು ಕೊಗ್ಗ ಅಡ್ಡ ತಲೆಯಾಡಿಸಿದ.

"ಆಟ ಗೊತ್ತಿರ್ಬೇಕೂಂತ ಇಲ್ಲ ಕೊಗ್ಗಣ್ಣ," ಎಂದ ನೊರ್ಬರ್ಟ್. "ಹುಲ್ಲಿನ ಮೇಲೆ ನೀರು ಯಾವ ಕಡೆ ಹೋಗ್ತದೆ ಅಂತ ನಿಮ್ಗೆ ಗೊತ್ತುಂಟಲ್ಲ? ಚೆಂಡೂ ಆ ಕಡೆಗೇ ಹೋಗುದು. ಅಷ್ಟು ಹೇಳಿದ್ರೆ ಸಾಕು."

ತೂವಾಳಿಗೆ ಮೂವತ್ತನಾಲ್ಕು. ಎತ್ತರದ ಹೆಂಗಸು, ಮಾತು ಕಡಿಮೆ. ಮೂರನೆಯ ದಿನ ಒಂದು ಗುಂಡಿಯಿಂದ ಇನ್ನೊಂದಕ್ಕೆ ನಡೆಯುವಾಗ ಚೂರುಚೂರಾಗಿ ತನ್ನ ಕತೆ ಹೇಳಿದಳು. ಸ್ವೀಡನ್ನಿನ ಉತ್ತರದಲ್ಲಿ ಅವಳ ಊರು. ಅಲ್ಲಿ ಮೇ ತಿಂಗಳವರೆಗೂ ಹಿಮ. ಅಪ್ಪ ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುತ್ತಿದ್ದ. ಹನ್ನೊಂದು ವರ್ಷದವಳಿದ್ದಾಗ ಅವನೇ ಕೊಟ್ಟಿಗೆಯೊಳಗೆ ಮೀನುಬಲೆ ಕಟ್ಟಿಕೊಟ್ಟ. ಚಳಿಗಾಲ ಪೂರ್ತಿ ಅವಳು ಆ ಬಲೆಗೆ ಚೆಂಡು ಹೊಡೆದಳು. ಇಪ್ಪತ್ತಕ್ಕೆ ವೃತ್ತಿ ಆಟಗಾರ್ತಿಯಾದಳು, ಇಪ್ಪತ್ತೈದಾಗುವಷ್ಟರಲ್ಲಿ ಎರಡು ದೊಡ್ಡ ಟೂರ್ನಿ ಗೆದ್ದಳು. ಆಮೇಲೆ ಬೆನ್ನು ಕೈಕೊಟ್ಟಿತು. ಆಪರೇಷನ್ ಆಗಿ ಎರಡು ವರ್ಷ ಕಳೆದು ಮರಳಿದಾಗ ದೊಡ್ಡ ಟೂರ್ನಿಗಳಲ್ಲಿ ಆಡುವ ಹಕ್ಕು, ಅವರು ಕಾರ್ಡ್ ಎನ್ನುವುದು, ಕೈಬಿಟ್ಟುಹೋಗಿತ್ತು. ಆಗಿನಿಂದ ಎರಡನೇ ದರ್ಜೆಯ ಟೂರ್ನಿಗಳಲ್ಲೇ ಅಲೆದಾಟ.

ಈ ವರ್ಷದ ಕಡೆಯ ಟೂರ್ನಿ ಇದು. ಮೂರನೆಯ ಸ್ಥಾನ ಬಂದರೆ, ಅದನ್ನು ಬೇರೆಯವರ ಜೊತೆ ಹಂಚಿಕೊಂಡರೂ ಸರಿಯೇ, ಕಾರ್ಡ್ ಮತ್ತೆ ಸಿಗುತ್ತಿತ್ತು. ಇಲ್ಲದಿದ್ದರೆ ಊರಿನ ಶಾಲೆಯಲ್ಲಿ ತರಬೇತಿ ಕೊಡುವ ಕೆಲಸ ಕಾದಿತ್ತು, ಸೋಮವಾರದೊಳಗೆ ಉತ್ತರ ಹೇಳಬೇಕಿತ್ತು. ಇಷ್ಟನ್ನೂ ಅವಳು ಹವಾಮಾನದ ವಿಷಯ ಹೇಳುವಂತೆ ಹೇಳಿದಳು. ಆದರೆ ಗ್ಲೌಸನ್ನು ತೆಗೆದು, ಹಾಕಿಕೊಂಡು, ಮತ್ತೆ ತೆಗೆಯುತ್ತಿದ್ದುದನ್ನು ಕೊಗ್ಗ ನೋಡಿದ.

ಅವತ್ತು ಅವರಿಬ್ಬರಿಗೂ ಹೊಂದಿಕೆಯಾಯಿತು. ಗುಂಡಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ ಕೊಗ್ಗ ಕುಕ್ಕುರುಗಾಲಲ್ಲಿ ಕೂತು, ನೀರು ಹೋಗುವ ದಾರಿಯನ್ನು ಬೆರಳಿನಿಂದ ತೋರಿಸುತ್ತಿದ್ದ. ಚೆಂಡು ಅದೇ ದಾರಿಯಲ್ಲಿ ಉರುಳಿ ಗುಂಡಿಗೆ ಬೀಳುತ್ತಿತ್ತು. ಸಂಜೆಗೆ ಅವಳು ಹದಿನಾಲ್ಕನೆಯ ಸ್ಥಾನದಿಂದ ಐದನೆಯದಕ್ಕೆ ಬಂದಿದ್ದಳು.

ಕೊನೆಯ ದಿನ ಬೆಳಗಿನಿಂದಲೇ ಗಾಳಿ. ಗುಂಡಿಗೆ ನೆಟ್ಟ ಬಾವುಟಗಳು ಪಟಪಟ ಬಡಿದುಕೊಳ್ಳುತ್ತಿದ್ದವು. ಇತರರ ಆಟ ಕೆಡುತ್ತಾ ಹೋಯಿತು, ತೂವಾ ಹಲ್ಲು ಕಚ್ಚಿ ಆಡಿದಳು. ಹದಿನೆಂಟರಲ್ಲಿ ಹದಿನಾಲ್ಕು ಗುಂಡಿ ಮುಗಿದಾಗ ಮೂರನೆಯ ಸ್ಥಾನದಲ್ಲಿ ಅವಳೂ ಇನ್ನಿಬ್ಬರೂ ಸಮನಾಗಿದ್ದರು.

ಹದಿನೈದನೆಯ ಗುಂಡಿಗೆ ಹೊಡೆದ ಮೊದಲ ಚೆಂಡನ್ನು ಗಾಳಿ ಬಲಕ್ಕೆ ಎಳೆದೊಯ್ದು ಕುರುಚಲು ಗಿಡಗಳ ಅಂಚಿಗೆ ಹಾಕಿತು. ಕೊಗ್ಗ ಮುಂದಾಗಿ ಹೋಗಿ ಅದನ್ನು ಗುರುತಿಸಿದ. ಒಂದು ಒಣಬೇರಿನ ಹಿಂದೆ, ಸಣ್ಣ ತಗ್ಗಿನಲ್ಲಿ ಕೂತಿತ್ತು. ತೂವಾ ನಲವತ್ತು ಹೆಜ್ಜೆ ಆಚೆ ದಿಬ್ಬದ ಮೇಲೆ ನಿಂತು ಗುಂಡಿಯ ಕಡೆ ನೋಡುತ್ತಿದ್ದಳು. ಜೊತೆ ಆಟಗಾರ್ತಿಯೂ ರೆಫರಿಯೂ ಮೈದಾನದ ಇನ್ನೊಂದು ಬದಿಯಲ್ಲಿದ್ದರು. ಕೊಗ್ಗ ಚೀಲವನ್ನು ಇಳಿಸಿ ನಿಲ್ಲಿಸಿದ. ಗಾಳಿಗೆ ಅದು ವಾಲಿತು. ತಟ್ಟನೆ ಹಿಡಿದುಕೊಂಡ. ಆದರೆ ಜೋತಾಡುತ್ತಿದ್ದ ಹೆಗಲಪಟ್ಟಿ ಬೀಸಿ ಚೆಂಡಿಗೆ ತಾಗಿತು. ಚೆಂಡು ಎರಡು ಬೆರಳಷ್ಟು ಉರುಳಿ, ಬೇರಿನ ಪಕ್ಕಕ್ಕೆ ಬಂದು, ಸಮತಟ್ಟಾದ ನೆಲದ ಮೇಲೆ ನಿಂತಿತು.

ಕೊಗ್ಗ ಪಟ್ಟಿಯನ್ನು ಎಳೆದು ಕೈಗೆ ಸುತ್ತಿಕೊಂಡ. ಸುತ್ತ ನೋಡಿದ. ಯಾರ ಕಣ್ಣೂ ಈ ಕಡೆ ಇರಲಿಲ್ಲ. ಚೆಂಡನ್ನು ಮುಟ್ಟಬಾರದೆಂದು ನೊರ್ಬರ್ಟ್ ಸಾವಿರ ಸಲ ಹೇಳಿದ್ದ, ಹಾಗಾಗಿ ಅದನ್ನು ಹಿಂದಕ್ಕೆ ತಳ್ಳಲೂ ಕೈ ಬರಲಿಲ್ಲ. ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ ತೂವಾ ದಿಬ್ಬ ಇಳಿದು ಬಂದಳು. ಚೆಂಡು ಇದ್ದ ಜಾಗ ನೋಡಿ, ಬದುಕಿದೆ ಎಂಬಂತೆ ಉಸಿರುಬಿಟ್ಟಳು. ಚೀಲದಿಂದ ತಾನೇ ಕೋಲು ಎಳೆದುಕೊಂಡಳು. ಕೊಗ್ಗ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಚೆಂಡು ಗಾಳಿಯನ್ನು ಸೀಳಿಕೊಂಡು ಹೋಗಿ ಗುಂಡಿಯಿಂದ ಎರಡು ಮಾರು ದೂರದಲ್ಲಿ ಇಳಿಯಿತು. ನಾಲ್ಕು ಹೊಡೆತದ ಗುಂಡಿಯನ್ನು ಅವಳು ಮೂರರಲ್ಲಿ ಮುಗಿಸಿದಳು. ಈಗ ಮೂರನೆಯ ಸ್ಥಾನ ಅವಳೊಬ್ಬಳದೇ.

ಆಮೇಲಿನ ಮೂರು ಗುಂಡಿಗಳ ಆಟ ಕೊಗ್ಗನಿಗೆ ಸರಿಯಾಗಿ ನೆನಪಿಲ್ಲ. ಹದಿನಾರರಲ್ಲಿ ಅವಳು ಏನೋ ಕೇಳಿದಳು, ಎರಡನೇ ಸಲ ಕೇಳಿದ ಮೇಲೆ ಇವನಿಗೆ ಕೇಳಿಸಿತು. ಹದಿನೇಳರಲ್ಲಿ ಇಳಿಜಾರು ಎಡಕ್ಕೆ ಎಂದು ಹೇಳಿ, ತಪ್ಪಾಯಿತು ಬಲಕ್ಕೆ ಎಂದ. ಅವಳು ಒಂದು ಕ್ಷಣ ಅವನ ಮುಖ ನೋಡಿದಳು. ಬಿಸಿಲು ಜಾಸ್ತಿಯಾಯಿತೇ, ನೀರು ಕುಡಿಯಿರಿ ಎಂದು ತನ್ನ ಬಾಟಲಿಯನ್ನೇ ಕೊಟ್ಟಳು. ಅವನು ಕುಡಿಯದೆ ಮುಚ್ಚಳ ತಿರುಗಿಸಿ ಹಿಂದಕ್ಕೆ ಕೊಟ್ಟ. ಪ್ರತಿ ಹೆಜ್ಜೆಗೂ ಈಗ ಹೇಳುತ್ತೇನೆ ಎಂದುಕೊಳ್ಳುವುದು, ಅವಳು ಚೆಂಡಿನ ಮುಂದೆ ನಿಂತಾಗ ಈಗ ಬೇಡ, ಕೈ ತಪ್ಪೀತು ಎಂದುಕೊಳ್ಳುವುದು. ಹದಿನೆಂಟನೆಯದರಲ್ಲಿ ಕೊನೆಯ ಹೊಡೆತಕ್ಕೆ ಗುಂಡಿ ಇನ್ನೂ ಐದಡಿ ದೂರ ಇತ್ತು. ಕೊಗ್ಗ ಬೆರಳಿನಿಂದ ದಾರಿ ತೋರಿಸಿದ. ಚೆಂಡು ಗುಂಡಿಯ ಅಂಚಿನಲ್ಲಿ ಸುತ್ತು ಹಾಕಿ ಒಳಗೆ ಬಿತ್ತು.

ಜನ ಚಪ್ಪಾಳೆ ತಟ್ಟಿದರು. ತೂವಾ ಟೋಪಿ ತೆಗೆದು ಮುಖಕ್ಕೆ ಒತ್ತಿಕೊಂಡು ನಿಂತಳು, ಭುಜಗಳು ಅಲುಗುತ್ತಿದ್ದವು. ಹಿಂದಿನವರಿಗಿಂತ ಒಂದೇ ಹೊಡೆತ ಕಡಿಮೆ, ಮೂರನೆಯ ಸ್ಥಾನ. ಹೊಡೆತಗಳ ಪಟ್ಟಿಗೆ ಸಹಿ ಹಾಕುವ ಡೇರೆ ಐವತ್ತು ಹೆಜ್ಜೆ ದೂರದಲ್ಲಿತ್ತು. ಡೇರೆಯ ಬಾಗಿಲಲ್ಲಿ ಕೊಗ್ಗ ಚೀಲ ಇಳಿಸಿ ಅವಳ ದಾರಿಗೆ ಅಡ್ಡ ನಿಂತ.

"ಮೇಡಂ, ಹದಿನೈದರಲ್ಲಿ ಚೆಂಡು ಸರಿಯಿತು," ಎಂದ ತನ್ನ ಮುರುಕು ಇಂಗ್ಲಿಷಿನಲ್ಲಿ. "ಚೀಲದ ಪಟ್ಟಿ ತಾಗಿತು. ಬೇರಿನ ಹಿಂದೆ ಇತ್ತು, ಹೊರಗೆ ಬಂತು. ನಾನು ನೋಡಿದೆ."

ಎಷ್ಟು ಎಂದು ಅವಳು ಕೇಳಿದಳು. ಅವನು ಎರಡು ಬೆರಳು ಜೋಡಿಸಿ ತೋರಿಸಿದ. ಅವಳ ಮುಖದ ಕೆಂಪೆಲ್ಲ ಇಳಿದುಹೋಯಿತು. ಹಿಂದಿನಿಂದ ಬಂದ ಜೊತೆ ಆಟಗಾರ್ತಿ ಇಬ್ಬರನ್ನೂ ನೋಡಿ ಪಕ್ಕದಿಂದ ಒಳಗೆ ಹೋದಳು.

"ಆಗಲೇ ಯಾಕೆ ಹೇಳಲಿಲ್ಲ?"

"ಹೆದರಿದೆ."

"ಆಗ ಹೇಳಿದ್ದರೆ ಚೆಂಡನ್ನು ಮೊದಲಿನ ಜಾಗದಲ್ಲೇ ಇಟ್ಟು ಆಡುತ್ತಿದ್ದೆ. ಒಂದು ಹೊಡೆತದ ದಂಡ, ಅಷ್ಟೇ. ಈಗ ತಪ್ಪು ಜಾಗದಿಂದ ಆಡಿದ್ದಕ್ಕೆ ಎರಡು." ಅವಳ ದನಿ ಏರಲಿಲ್ಲ. "ಒಂದಾಗಿದ್ದರೆ ನಾನು ಮೂರನೆಯವಳಾಗಿ ಉಳಿಯಬಹುದಿತ್ತು, ಗೊತ್ತಾ ನಿಮಗೆ?"

ಕೊಗ್ಗನಿಗೆ ಗೊತ್ತಿರಲಿಲ್ಲ. ತಪ್ಪು ಒಂದೇ ಎಂದುಕೊಂಡಿದ್ದ. ಸುಮ್ಮನಿದ್ದ ಒಂದೊಂದು ನಿಮಿಷವೂ ಅವಳ ಲೆಕ್ಕಕ್ಕೆ ಸೇರುತ್ತಿತ್ತು ಎಂಬುದು ಹೊಳೆದೇ ಇರಲಿಲ್ಲ.

ಅವಳು ಡೇರೆಯ ಕಂಬ ಹಿಡಿದು ಸಮುದ್ರದ ಕಡೆ ತಿರುಗಿ ನಿಂತಳು. ಒಳಗಿಂದ ಯಾರೋ ಅವಳ ಹೆಸರು ಕರೆದರು. ಅವಳು ಹೇಳದೆ ಹೋದರೆ ಈ ಮಾತು ಇವರಿಬ್ಬರಲ್ಲೇ ಉಳಿಯುತ್ತಿತ್ತು. ಅವಳು ಸುಮ್ಮನಿರಲಿ ಎಂದು ತಾನು ಆಸೆಪಟ್ಟೆನೇ, ಇಲ್ಲವೇ ಎಂಬುದು ಕೊಗ್ಗನಿಗೆ ಇವತ್ತಿಗೂ ಸ್ಪಷ್ಟವಿಲ್ಲ. ತೂವಾ ಒಳಗೆ ಹೋದಳು, ಮೇಜಿನ ಮುಂದೆ ಕುಳಿತು ರೆಫರಿಯನ್ನು ಕರೆಸಿದಳು. ರೆಫರಿ ಕೊಗ್ಗನನ್ನೂ ಕರೆದು ಕೇಳಿದ. ಕೊಗ್ಗ ನಡೆದದ್ದನ್ನು ಇನ್ನೊಮ್ಮೆ ಹೇಳಿದ. ಎರಡು ಹೊಡೆತ ಸೇರಿತು. ಅವಳು ಐದನೆಯವಳಾದಳು. ಹೊರಗೆ ಬಂದು ಕೊಗ್ಗನ ಕೈಕುಲುಕಿ, ಚೀಲವನ್ನು ತಾನೇ ಹೆಗಲಿಗೇರಿಸಿಕೊಂಡು ಹೋದಳು.

ದಾರ್ಸೈಟ್‌ನ ಫ್ಲ್ಯಾಟಿಗೆ ಬಂದು ಕೊಗ್ಗ ಹೆಂಡತಿಗೆ ಎಲ್ಲ ಹೇಳಿದ. ಹರಿಣಾಕ್ಷಿ ರುವಿ ಪೇಟೆಯ ಒಂದು ಆಫೀಸಿನಲ್ಲಿ ಕೆಲಸ ಮಾಡುವವಳು, ಸಮಾಧಾನಕ್ಕೆಂದು ಸುಳ್ಳು ಹೇಳುವ ಅಭ್ಯಾಸವಿಲ್ಲ. "ಹೇಳಿದ್ದು ಒಳ್ಳೇದಾಯ್ತು," ಎಂದಳು. "ಆದ್ರೆ ತಡ ಮಾಡಿದ್ದು ನಿಮ್ದೇ ತಪ್ಪು. ಅದನ್ನು ಅವ್ಳ ತಲೆಗೆ ಕಟ್ಬೇಡಿ." ಕೊಗ್ಗ ಹೌದೆಂದ. ಮರುದಿನ ನೊರ್ಬರ್ಟ್‌ನ ಹತ್ತಿರ ಹೋಗಿ, ತೂವಾಳಿಗೆ ಒಂದು ಇಮೇಲ್ ಬರೆಸಿದ. ತನ್ನಿಂದ ಹೋದದ್ದು ಎರಡೂ ಹೊಡೆತ, ಕ್ಷಮಿಸಿ ಎಂದಷ್ಟೇ. ಉತ್ತರ ಬರಲಿಲ್ಲ.

ಡಿಸೆಂಬರಿನಲ್ಲಿ ನೊರ್ಬರ್ಟ್ ಸುದ್ದಿ ತಂದ. ತೂವಾ ಊರಿನ ಕೆಲಸಕ್ಕೆ ಒಪ್ಪಿರಲಿಲ್ಲ. ಕಾರ್ಡ್ ಇಲ್ಲದವರಿಗೆ ಉಳಿಯುವ ಕಡೆಯ ದಾರಿ ಐದು ದಿನದ ಅರ್ಹತಾ ಪಂದ್ಯ, ಅದಕ್ಕೆ ಸ್ಪೇನಿಗೆ ಹೋಗಿದ್ದಳು. ನೂರಕ್ಕೂ ಹೆಚ್ಚು ಮಂದಿಯಲ್ಲಿ ಇಪ್ಪತ್ತು ಮಂದಿಗೆ ಮಾತ್ರ ಅವಕಾಶ. ಕೊಗ್ಗ ಆ ಐದು ದಿನವೂ ಪಂಪ್‌ಹೌಸಿನ ಪಕ್ಕ ನಿಂತು ಫೋನಿನಲ್ಲಿ ಅವಳ ಹೆಸರು ಹುಡುಕಿದ. ಮೊದಲ ದಿನ ಅರವತ್ತನೆಯವಳು. ನಾಲ್ಕನೆಯ ದಿನ ಇಪ್ಪತ್ತಾರು. ಐದನೆಯ ದಿನ ಮಧ್ಯಾಹ್ನದ ಮೇಲೆ ಪಟ್ಟಿ ಬದಲಾಗಲೇ ಇಲ್ಲ, ಅಲ್ಲಿ ಮಳೆಗೆ ಆಟ ನಿಂತಿತ್ತು. ಕೊಗ್ಗ ಕೆಲಸದವರಿಗೆ ಪೈಪಿನ ಅಳತೆ ತಪ್ಪು ಹೇಳಿ ನೊರ್ಬರ್ಟ್‌ನಿಂದ ಬೈಸಿಕೊಂಡ. ಸಂಜೆ ನೋಡಿದಾಗ ಅವಳು ಹತ್ತೊಂಬತ್ತನೆಯವಳಾಗಿದ್ದಳು.

ಎರಡು ದಿನ ಬಿಟ್ಟು, ನೊರ್ಬರ್ಟ್‌ನಿಂದ ನಂಬರು ಪಡೆದಿದ್ದಳೋ ಏನೋ, ಅವನ ಫೋನಿಗೇ ಅವಳ ಸಂದೇಶ ಬಂತು. ಹರಿಣಾಕ್ಷಿ ಓದಿ ಹೇಳಿದಳು: ನನಗೆ ಕಾರ್ಡ್ ಸಿಕ್ಕಿತು. ನಿಮ್ಮ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಈ ವಿಷಯ ಬೇರೆಯವರಿಂದ ನಿಮಗೆ ತಿಳಿಯುವುದು ಸರಿಯಲ್ಲ ಅನ್ನಿಸಿತು.

ಏನು ಬರೆಯಲಿ ಎಂದು ಹರಿಣಾಕ್ಷಿ ಕೇಳಿದಳು. ಕೊಗ್ಗ ಫೋನನ್ನು ಅವಳ ಕೈಯಿಂದ ತೆಗೆದುಕೊಂಡು, ಒಂದೊಂದೇ ಇಂಗ್ಲಿಷ್ ಅಕ್ಷರ ಹುಡುಕುತ್ತಾ, ಸಂತೋಷ ಆಯಿತು ಎಂದು ತಾನೇ ಬರೆಯತೊಡಗಿದ.