ಬಕೆಟ್ಟಿನಲ್ಲಿ ಇಳಿಯುವ ಕರೆಂಟು

೨೦೨೩ರ ಮಾರ್ಚ್ ೧೨, ಭಾನುವಾರ, ಬೆಳಿಗ್ಗೆ ಆರು ಗಂಟೆ ಐವತ್ತೆರಡು ನಿಮಿಷ. ಆರು ಮನೆಗಳ ಕಟ್ಟಡವೊಂದರ ಮೀಟರ್ ಕೋಣೆಯಲ್ಲಿ ಎಲೆಕ್ಟ್ರಿಷಿಯನ್ ಕರೆಂಟು ಅಳೆಯುವ ತನ್ನ ಕೈಮೀಟರಿನ ಇಕ್ಕಳದಂಥ ದವಡೆ ತೆರೆದು, ಕಟ್ಟಡಕ್ಕೆ ಕರೆಂಟು ತರುವ ದಪ್ಪ ಕೇಬಲ್ಲಿಗೆ ಕಚ್ಚಿಸಿದ. ಮೂರನೇ ಮಹಡಿಯ ಟ್ಯಾಕ್ಸಿಯಮ್ಮ ಬಾಗಿಲ ಬಳಿ ನಿಂತು ನೋಡುತ್ತಿದ್ದಳು.

ನಾಲ್ಕು ತಿಂಗಳ ಹಿಂದೆ ಅವಳು ಹಳೆಯ ಟ್ಯಾಕ್ಸಿ ಕೊಟ್ಟು ಬ್ಯಾಟರಿ ಕಾರು ತಂದಿದ್ದಳು. ಊರಾಚೆಯ ಚಾರ್ಜಿಂಗ್ ಸ್ಟೇಷನ್ನಿನ ಸಾಲಿನಲ್ಲಿ ದಿನಾ ಮೂರು ತಾಸು ಕೂತು ಸಾಕುಬೇಕಾಗಿಹೋಗಿತ್ತು. ಕೊನೆಗೆ ಅತ್ತೆಯೇ ಉಪಾಯ ಹೂಡಿದರು. ಮಧ್ಯಾಹ್ನ ಸೊಸೆ ಬಂದು ಹಾರ್ನ್ ಹೊಡೆದ ಕೂಡಲೇ, ಎಕ್ಸ್‌ಟೆನ್ಷನ್ ವೈರಿನ ತುದಿಯನ್ನು ನೀಲಿ ಬಕೆಟ್ಟಿನಲ್ಲಿಟ್ಟು, ಹಗ್ಗ ಕಟ್ಟಿ, ಮೂರನೇ ಮಹಡಿಯ ಅಡುಗೆಮನೆ ಕಿಟಕಿಯಿಂದ ಇಳಿಬಿಡುವುದು. "ಬಂತೇನೇ ಕರೆಂಟು?" ಎಂದು ಅವರು ಕೂಗಿದರೆ ಬೀದಿಯ ತುದಿಯವರೆಗೂ ಕೇಳಿಸುತ್ತಿತ್ತು. ಎರಡನೇ ಮಹಡಿಯ ಟೈಲರ್, ಇದೂ ಅನುಕೂಲವೇ ಆಯಿತೆಂದು, ಆ ಹಗ್ಗಕ್ಕೆ ಕ್ಲಿಪ್ ಹಾಕಿ ಒದ್ದೆ ಕಾಲುಚೀಲ ನೇತುಹಾಕತೊಡಗಿದ.

ಕಟ್ಟಡದ ಸಂಘದ ಅಧ್ಯಕ್ಷರಿಗೆ ಮಾತ್ರ ಇದು ಕಣ್ಣಿಗೆ ಬಿದ್ದ ಕಸವಾಯಿತು. ಹಿಂದೊಮ್ಮೆ ಲಿಫ್ಟಿನಲ್ಲಿ ನಲವತ್ತು ನಿಮಿಷ ಸಿಕ್ಕಿಹಾಕಿಕೊಂಡಿದ್ದವರು ಅವರು. ಟ್ಯಾಕ್ಸಿಯಮ್ಮ ಕೆಳಗೆ ಒಂದು ಚಾರ್ಜರ್ ಹಾಕಿಸಿಕೊಳ್ಳುತ್ತೇನೆಂದು ಸಭೆಯಲ್ಲಿ ಕೇಳಿದಾಗ ಎದ್ದು ನಿಂತರು.

"ನಿನ್ನ ಕಾರು ಹೊಟ್ಟೆ ತುಂಬಿಸ್ಕೊಳ್ಳೋ ಹೊತ್ತಿಗೆ ನಮ್ಮ ಲಿಫ್ಟು ತ್ರಿಶಂಕು ಆಗುತ್ತೆ ಕಣಮ್ಮ!"

ಸಭೆಗೆ ಕರೆಸಿದ್ದ ಎಲೆಕ್ಟ್ರಿಷಿಯನ್ ಲೆಕ್ಕ ಹೇಳಿದ. ಕೇಬಲ್ ಹೊರುವುದು ನೂರು ಆಂಪಿಯರ್. ಚಾರ್ಜರಿಗೆ ಬೇಕಾದದ್ದು ಹದಿನಾರು. ಹಾಗಾದರೆ ಕಟ್ಟಡ ಎಳೆಯುವ ಕರೆಂಟು ಎಂಬತ್ನಾಲ್ಕು ದಾಟಬಾರದು. ಭಾನುವಾರ ಬೆಳಿಗ್ಗೆ ಏಳರಿಂದ ಎಂಟರವರೆಗೆ ಅಳೆಯುವುದೆಂದು ತೀರ್ಮಾನವಾಯಿತು. ದಾಟಿದರೆ ಚಾರ್ಜರೂ ಇಲ್ಲ, ಬಕೆಟ್ಟೂ ಇಲ್ಲ. ಬಕೆಟ್ಟೂ ಹೋದರೆ ಕಾರು ಮಾರುವುದೊಂದೇ ದಾರಿ ಎಂದು ಟ್ಯಾಕ್ಸಿಯಮ್ಮನಿಗೆ ಗೊತ್ತಿತ್ತು.

"ಎಲ್ಲರೂ ದಿನಾ ಇರೋ ಹಾಗೇ ಇರಿ," ಎಂದಿದ್ದ ಎಲೆಕ್ಟ್ರಿಷಿಯನ್.

ಏಳು ಗಂಟೆಗೆ ಮೀಟರು ಇಪ್ಪತ್ತೆರಡು ತೋರಿಸಿತು. ಟ್ಯಾಕ್ಸಿಯಮ್ಮ ಉಸಿರು ಬಿಟ್ಟಳು. ಏಳು ಹತ್ತಕ್ಕೆ ನಲವತ್ತಾರು. ಏಳೂ ಕಾಲಿಗೆ ಅರವತ್ತೈದು! ಅವಳು ದಡದಡ ಮೆಟ್ಟಿಲು ಹತ್ತಿದಳು. ಟೈಲರನ ಬಾಗಿಲು ತೆರೆದಿತ್ತು. ಗೆರೆ ಕೂತು ಗರಿಗರಿಯಾಗಿದ್ದ ಶರ್ಟಿನ ಮೇಲೆ ಅವನು ಮತ್ತೆ ಇಸ್ತ್ರಿಪೆಟ್ಟಿಗೆ ಓಡಿಸುತ್ತಿದ್ದ.

"ಏನಣ್ಣ, ಅದನ್ನ ಇನ್ನೆಷ್ಟು ಸಲ ತಿಕ್ತೀರಾ?"

"ಇದು ಒಂಬತ್ತನೇ ಸಲ ಕಣಮ್ಮ. ಎಂಟು ಗಂಟೆವರೆಗೆ ಪೆಟ್ಟಿಗೆ ಆರಬಾರದು, ಗೀಸರ್ರೂ ಆರಬಾರದು ಅಂತ ಅಧ್ಯಕ್ಷರು ಮನೆಮನೆಗೂ ಬಂದು ಹೇಳಿದ್ದಾರೆ."

ಅವಳು ಒಂದೇ ಉಸಿರಿಗೆ ತನ್ನ ಮನೆಗೆ ಓಡಿದಳು. ಬಚ್ಚಲಿನಿಂದ ಹಬೆ ನುಗ್ಗುತ್ತಿತ್ತು. ಅತ್ತೆ ನೆಲದಲ್ಲಿ ಕೂತು ಕಾಲೊರಸಿಗೆ ಇಸ್ತ್ರಿ ಹಾಕುತ್ತಿದ್ದರು.

"ಅತ್ತೇ! ನೀವೂನಾ?"

"ಮತ್ತೇನೇ? ನಾಳೆ ಪರೀಕ್ಷೆ ಇದೆ, ಎಲ್ಲಾ ಸ್ವಿಚ್ಚೂ ಹಾಕ್ಕೊಂಡಿರಿ ಅಂತ ಅಧ್ಯಕ್ಷರು ನಿನ್ನೆ ಹೇಳಿಹೋದ್ರು. ಪರೀಕ್ಷೆ ಅಂದ್ಮೇಲೆ ಕೈಲಾದಷ್ಟು ಚೆನ್ನಾಗಿ ಮಾಡಬೇಡ್ವಾ? ಕೆಳಗಿನ ಟೈಲರ್‌ಗಿಂತ ನಾವೇನು ಕಡಿಮೆ?"

ಟ್ಯಾಕ್ಸಿಯಮ್ಮ ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ಕೆಳಗಿನಿಂದ ಎಲೆಕ್ಟ್ರಿಷಿಯನ್ನಿನ ದನಿ ಗುಡುಗಿತು: "ಯಾರೂ ಏನೂ ಆರಿಸ್ಬೇಡಿ! ಹಾಗೇ ಇರಲಿ!"

ಇವನೂ ಅವರ ಕಡೆ ಸೇರಿಕೊಂಡನೇ? ಅವಳು ಕಣ್ಣೊರೆಸಿಕೊಳ್ಳುತ್ತ ಇಳಿದಳು. ಮೀಟರಿನಲ್ಲಿ ಎಪ್ಪತ್ತೆಂಟು. ಅಷ್ಟರಲ್ಲಿ ಲಿಫ್ಟು ಗುರ್ರೆಂದಿತು. ಒಳಗೆ ಅಧ್ಯಕ್ಷರು ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಕಂಬಿ ಹಿಡಿದು ಮೇಲಕ್ಕೆ ಹೋದರು. ಮೀಟರು ಎಂಬತ್ತಮೂರು ಮುಟ್ಟಿತು. ಕೆಳಕ್ಕೆ ಬಂದರು. ಮತ್ತೆ ಮೇಲಕ್ಕೆ. ಟ್ಯಾಕ್ಸಿಯಮ್ಮ ಒಮ್ಮೆ ಲಿಫ್ಟಿನ ಬಾಗಿಲನ್ನೂ ಒಮ್ಮೆ ಅಂಕಿಯನ್ನೂ ನೋಡುತ್ತ ಉಗುರು ಕಚ್ಚಿದಳು. ಎಂಬತ್ತಮೂರರಾಚೆ ದಶಾಂಶ ಎರಡಾಯಿತು, ಐದಾಯಿತು, ಆರಾಯಿತು. ಅಲ್ಲಿಂದ ಕದಲಲಿಲ್ಲ.

ಎಂಟು ಹೊಡೆಯಿತು. ಅಧ್ಯಕ್ಷರು ಬೆವರಿಳಿಸುತ್ತ ಹೊರಬಂದರು.

"ಎಷ್ಟಾಯ್ತಪ್ಪಾ?"

"ಎಂಬತ್ನಾಲ್ಕು ಮುಟ್ಟಲಿಲ್ಲ ಸಾರ್," ಎಂದ ಎಲೆಕ್ಟ್ರಿಷಿಯನ್. "ನಿಜ ಹೇಳ್ಲಾ? ಎಲ್ಲರೂ ಮಾಮೂಲಾಗಿ ಇದ್ದಿದ್ರೆ ನಾನು ಒಪ್ಪಿಗೆ ಕೊಡ್ತಾನೇ ಇರ್ಲಿಲ್ಲ. ಒಂದು ದಿನ ಆರೂ ಮನೆಯವರು ಒಟ್ಟಿಗೇ ಎಲ್ಲಾ ಹಾಕಿದ್ರೆ ಏನು ಗತಿ, ಇನ್ನೂ ಆರು ತಿಂಗಳು ನೋಡೋಣ ಅಂತ ಬರೀತಿದ್ದೆ. ನೀವು ಒಂದೇ ತಾಸಿನಲ್ಲಿ ತೋರಿಸಿಬಿಟ್ರಿ. ನಿಮ್ಮ ಉಪಕಾರ ದೊಡ್ಡದು."

ಅಧ್ಯಕ್ಷರು ಮುಖದ ಬೆವರು ಒರೆಸಿಕೊಂಡರು. ಟ್ಯಾಕ್ಸಿಯಮ್ಮ ಮೆಲ್ಲಗೆ ಕೇಳಿದಳು, "ಲಿಫ್ಟು ಎಲ್ಲಾದ್ರೂ ನಿಲ್ತಾ ಸಾರ್?"

ಅವರು ಲಿಫ್ಟಿನತ್ತ ತಿರುಗಿದರು. "ಇಲ್ಲಮ್ಮ. ಹತ್ತೊಂಬತ್ತು ಸಲ ಹೋಗ್ಬಂದೆ. ಒಂದು ಸಲಾನೂ ನಿಲ್ಲಲಿಲ್ಲ." ತಮಗೇ ಅಚ್ಚರಿಯಾದಂತೆ ಹೇಳಿ, ಸಹಿ ಹಾಕಲು ಚಾರ್ಜರಿನ ಒಪ್ಪಿಗೆ ಪತ್ರಕ್ಕೆ ಕೈ ಚಾಚಿದರು.

ಮೇಲಿಂದ ಅತ್ತೆಯ ಕೂಗು ಬಂತು: "ಪಾಸಾದ್ವೇನೇ?"

"ಪಾಸು ಅತ್ತೆ! ಕಾಲೊರಸಿ ಸುಟ್ಟೀತು, ಪೆಟ್ಟಿಗೆ ಎತ್ತಿ!"

ಎಲೆಕ್ಟ್ರಿಷಿಯನ್ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು, ಮುಂದೆ ಬರುವ ಕೆಲಸಗಾರನಿಗೆ ಕಾಣುವಂತೆ, ಕೇಬಲ್ಲಿನ ಪಕ್ಕದ ಗೋಡೆಯ ಮೇಲೆ ಬರೆದ: ಗರಿಷ್ಠ ೮೩.೬ ಆಂಪಿಯರ್.