ವರನ ಕಡೆಯ ಹುಂಜ

ಮ್ವೇಜಿ ಕಾಳಿಗೆಂದು ಕುಕ್ಕಿದರೆ ಕೊಕ್ಕು ಪಕ್ಕದ ಮಣ್ಣಿಗೆ ಬೀಳುತ್ತಿತ್ತು. ಹೋದ ವರ್ಷ ಮಳೆಗೆ ಮುಂಚಿನ ಸೆಕೆಯಲ್ಲಿ ಕೋಳಿಗಳಿಗೆ ಕೊಕ್ಕರೆ ರೋಗ ಬಂದು ನಮ್ಮ ಊರಿನ ಗೂಡುಗಳನ್ನು ಬರಿದು ಮಾಡಿದಾಗ ಉಳಿದ ಹೇಂಟೆ ಅದೊಂದೇ. ಉಳಿಯಿತು, ಆದರೆ ಕುತ್ತಿಗೆ ತಿರುಚಿಕೊಂಡು. ಒಂದು ಕಣ್ಣು ನೆಲಕ್ಕೆ, ಇನ್ನೊಂದು ಆಕಾಶಕ್ಕೆ. ಗಾಬರಿಯಾದರೆ ಹಿಂದಕ್ಕೆ ಹಿಂದಕ್ಕೆ ನಡೆದು ಗೋಡೆಗೆ ತಾಗಿ ಕೂತುಬಿಡುತ್ತಿತ್ತು. ನಾನು ಆಳವಾದ ಡಬ್ಬಿಗೆ ಒಡೆದ ಮೆಕ್ಕೆಜೋಳ ತುಂಬಿ, ಅದರ ತಲೆಯನ್ನು ಎರಡು ಬೆರಳಲ್ಲಿ ಹಿಡಿದು ತಿನ್ನಿಸುತ್ತಿದ್ದೆ. ಒಂದು ಹೊಟ್ಟೆ ತುಂಬುವಷ್ಟರಲ್ಲಿ ಬಿಸಿಲು ಅಂಗಳ ದಾಟಿರುತ್ತಿತ್ತು.

ಹೆಸರಿಟ್ಟವಳು ಅಜ್ಜಿ. ಮ್ವೇಜಿ ಎಂದರೆ ಚಂದ್ರ. ಹದ್ದಿನ ಕಾಟ ತಾಳಲಾರದೆ ಲೋಕದ ಮೊದಲ ಕೋಳಿ ತನ್ನ ಮರಿಗಳನ್ನೆಲ್ಲ ಚಂದ್ರನ ಮನೆಯಲ್ಲಿ ಬಿಟ್ಟು ಬಂದಿತಂತೆ. ನೆಲದಲ್ಲಿ ಕಾಳು ಕೆದಕುತ್ತಾ ಕೆದಕುತ್ತಾ ಕೋಳಿಗಳೆಲ್ಲ ಅದನ್ನು ಮರೆತವು, ಇದೊಂದಕ್ಕೆ ಮಾತ್ರ ನೆನಪಿದೆ, ಅದಕ್ಕೇ ಮೇಲೆ ನೋಡುತ್ತದೆ ಎಂದು ಅಜ್ಜಿ ಹೇಳಿದ್ದಳು. ಆ ಮಳೆಗಾಲದಲ್ಲೇ ಅಜ್ಜಿ ತೀರಿಕೊಂಡಳು. ಕಥೆ ಹೇಳುವವಳು ಹೋದಳು, ಕಥೆಯೊಳಗಿನದು ನನ್ನ ಮಡಿಲಲ್ಲಿ ಉಳಿಯಿತು.

ಈ ವರ್ಷ ಅಕ್ಕ ಎನೆಲೆಸಿಯ ಮದುವೆ ನಿಶ್ಚಯವಾಯಿತು. ನಮ್ಮ ಕಡೆಯಿಂದ ಮಾತಾಡಿದವನು ಅಮ್ಮನ ಅಣ್ಣ ಜಾಫೆತ್ ಮಾವ. ಎರಡು ಮನೆಯವರು ಎದುರುಬದುರು ಕೂತು, ನಾವು ಅವರಿಗೊಂದು ಹೇಂಟೆ ಕೊಟ್ಟೆವು, ಅವರು ನಮಗೊಂದು ಹುಂಜ ಕೊಟ್ಟರು. ಅಲ್ಲಿಗೆ ಮದುವೆ ಕಟ್ಟಿದಂತೆ. ಆ ಹುಂಜವೆಂದರೆ ವರನೇ. ಅದು ನಮ್ಮ ಅಂಗಳದಲ್ಲಿ ಕೂಗುತ್ತಿದ್ದರೆ ಸಂಬಂಧಕ್ಕೆ ಉಸಿರಿದೆ ಎಂದರ್ಥ. ವರ ವೈಸನ್ ನಮ್ಮ ಕಡೆಯ ಪದ್ಧತಿಯಂತೆ ನಮ್ಮ ಹಟ್ಟಿಗೇ ಬಂದು ನೆಲೆಸಿದ.

ವಾರ ತುಂಬುವ ಮೊದಲೇ ಹುಂಜ ಹಸಿರು ಹಿಕ್ಕೆ ಹಾಕತೊಡಗಿತು. ಕುತ್ತಿಗೆ ಚಾಚಿ, ಬಾಯಿ ಬಿಟ್ಟು ಉಸಿರೆಳೆಯುತ್ತಿತ್ತು. ಆ ರೋಗ ನನಗೆ ಗೊತ್ತಿತ್ತು, ಮಾವನಿಗೆ ಹೇಳಿದೆ. ಹುಂಜ ಸತ್ತ ಕೂಡಲೇ ಅವನು ಅದನ್ನು ಗುಟ್ಟಾಗಿ ಪಾಯಖಾನೆಯ ಹಿಂದೆ ಹೂತು, ದೂರದ ಸಂತೆಯಿಂದ ಅಂಥದೇ ಕೆಂಪು ಹುಂಜ ತಂದು ಬಿಟ್ಟ. ಬಾಲದಲ್ಲಿ ಕಪ್ಪು ಗರಿ ಸ್ವಲ್ಪ ಹೆಚ್ಚಿತ್ತು; ನನ್ನನ್ನೂ ಅಕ್ಕನನ್ನೂ ಬಿಟ್ಟರೆ ಯಾರೂ ಗಮನಿಸಲಿಲ್ಲ. ಈ ರೋಗ ತಗಲದಂತೆ ಕಣ್ಣಿಗೆ ಲಸಿಕೆಯ ಹನಿ ಹಾಕಿಸಿದ ಹುಂಜವನ್ನೇ ಕೇಳಿ ತಂದಿದ್ದ. ರೋಗ ಯಾವುದೆಂದು ಮಾವನಿಗೂ ಚೆನ್ನಾಗಿ ಗೊತ್ತಿತ್ತು.

ಆಮೇಲೆ ಪಕ್ಕದ ಮನೆಯ ನಂಬೇವೆಯ ಕೋಳಿಗಳು ಸತ್ತವು. ಅದರಾಚೆಯ ಮನೆಯವೂ ಸತ್ತವು. ಮ್ವೇಜಿಗೆ ಏನೂ ಆಗಲಿಲ್ಲ. ಹೆಂಗಸರು ಅದನ್ನು ನೋಡುವ ಬಗೆ ಬದಲಾಯಿತು. ಕೊಳವೆಬಾವಿಯ ಹತ್ತಿರ ನಾನು ಹೋದರೆ ಕೊಡ ಎತ್ತಿಕೊಂಡು ಸರಿದುಹೋಗುತ್ತಿದ್ದರು. ಮ್ವೇಜಿಯ ವಿಚಾರ ತೀರ್ಮಾನಿಸಲು ಮಾವ ಎಲ್ಲರನ್ನೂ ಮಾವಿನ ಮರದಡಿ ಕರೆಸುತ್ತಾನೆಂದು ತಿಳಿದಾಗ, ಜೋಳ ಕುಟ್ಟುತ್ತಿದ್ದ ಅಕ್ಕನ ಬಳಿ ಹೋಗಿ, ಹುಂಜದ ವಿಷಯ ಹೇಳಿಬಿಡುತ್ತೇನೆ ಎಂದೆ.

ಅಕ್ಕ ಒನಕೆ ನಿಲ್ಲಿಸಲಿಲ್ಲ. "ಹೇಳು. ಆಮೇಲೆ ವೈಸನ್ ಮನೆಯವರು ಬಂದು, ನಾವು ಕೊಟ್ಟ ಹುಂಜ ಎಲ್ಲಿ ಅಂತ ಕೇಳ್ತಾರೆ. ಅಗೆದು ತೋರಿಸ್ತೀಯಾ?"

"ಮ್ವೇಜಿ ಏನು ತಪ್ಪು ಮಾಡಿದೆ?"

"ಏನೂ ಮಾಡಿಲ್ಲ. ಆದ್ರೆ ಅದಕ್ಕೆ ಏನೂ ಗೊತ್ತಾಗಲ್ಲ ಕಣೇ. ನನಗೆ ಗೊತ್ತಾಗುತ್ತೆ."

ಮರದಡಿ ಮೊದಲು ಮಾತೆತ್ತಿದವಳು ನಂಬೇವೆ. "ಎಲ್ಲರ ಮನೇವೂ ಸತ್ತವು. ಇದಕ್ಕೊಂದಕ್ಕೆ ಸಾವೇ ಇಲ್ವಾ? ಹೋದ ವರ್ಷ ನಮ್ಮ ಕೋಳಿಗಳ ಆಯುಸ್ಸು ತಿಂದು ಬದುಕ್ತು, ಈ ವರ್ಷ ಮತ್ತೆ ಹಸಿವಾಗಿದೆ."

ಹಿಂದಕ್ಕೆ ನಡೆಯೋ ಕೋಳಿ, ಮುಂದಿನಿಂದ ಬರೋ ಸಾವಿಗೆ ಸಿಗೋದು ಹೇಗೆ ಎಂದು ಯಾರೋ ಅಂದರು. ನಗೆಯೆದ್ದಿತು. ಒಮ್ಮೆ ಈ ರೋಗದಿಂದ ಉಳಿದ ಕೋಳಿಗೆ ಅದು ಮತ್ತೆ ಸುಲಭಕ್ಕೆ ತಗಲುವುದಿಲ್ಲ ಎಂದು ನಾನು ಹೇಳಿದೆ. ನಂಬೇವೆ ನನಗೆ ಡಾಕ್ಟರಮ್ಮ ಎಂದು ಕೈಮುಗಿದಳು. ಮತ್ತೂ ನಕ್ಕರು. ಮಾವನ ಪಕ್ಕದಲ್ಲಿ ಕೂತಿದ್ದ ವೈಸನ್ ಕೂಡ ನಕ್ಕ. ಪಾಪ, ಅವನಿಗೆ ಏನೂ ತಿಳಿಯದು.

ಮಾವ ಕೈಯೆತ್ತಿ ಸುಮ್ಮನಿರಿಸಿ ನನ್ನ ಕಡೆ ತಿರುಗಿದ. "ಸರಿ ಮಗಳೇ, ನೀನೇ ಹೇಳು. ರೋಗ ಇನ್ನೆಲ್ಲಿಂದ ಬಂತು?"

ಎಂಥ ಮೆತ್ತಗಿನ ದನಿ. ಹೊಸ ಹುಂಜ ಒರಳಿನ ಮೇಲೆ ಹತ್ತಿ ನಿಂತು ರೆಕ್ಕೆ ಬಡಿಯುತ್ತಿತ್ತು. ಅಕ್ಕ ನನ್ನನ್ನು ನೋಡಲಿಲ್ಲ; ಮದುವೆಯ ಹೊಸ ಬಟ್ಟೆಯ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

"ಗೊತ್ತಿಲ್ಲ," ಎಂದೆ.

ಅಲ್ಲೇ ತೀರ್ಮಾನವಾಯಿತು. ಚಾಕು ಹಿಡಿದು ಕೂತ ಮಾವನಿಗೆ ಆ ತಿರುಚಿದ ಕುತ್ತಿಗೆಯನ್ನು ನೇರ ಮಾಡಲು ಬರಲಿಲ್ಲ. ಮ್ವೇಜಿ ಒದ್ದಾಡಿತು, ಅವನ ಹಿಡಿತದಲ್ಲೇ ಹಿಂದೆ ಹಿಂದೆ ಸರಿಯಲು ನೋಡಿತು. ನಿನಗೆ ಅಭ್ಯಾಸ ಇದೆಯಲ್ಲ, ಹಿಡಿ ಎಂದ. ಅವನ ಕೈಯಲ್ಲಿ ಅದು ಇನ್ನಷ್ಟು ನರಳುವುದು ಬೇಡವೆಂದು ಮೊಣಕಾಲೂರಿ ಕೂತೆ. ದಿನವೂ ತಿನ್ನಿಸುವಾಗ ಹಿಡಿಯುವಂತೆ ಎರಡು ಬೆರಳಲ್ಲಿ ತಲೆ ಹಿಡಿದೆ. ಮ್ವೇಜಿ ಒದ್ದಾಟ ನಿಲ್ಲಿಸಿತು. ಕಾಳು ಬರುತ್ತದೆಂದು ಬಾಯಿ ತೆರೆಯಿತು.

ರೋಗದ ಕೋಳಿಯಾದರೆ ಗುಂಡಿಗೆ ಹಾಕಬೇಕಿತ್ತು. ಮಾಂಸದ್ದೇನು ತಪ್ಪು ಎಂದ ಮಾವ. ಒಬ್ಬರೂ ಬೇಡವೆನ್ನಲಿಲ್ಲ. ಕೋಳಿಯ ಹೊಟ್ಟೆಯಲ್ಲಿ ಕಾಳು ಅರೆಯುವ ಗಟ್ಟಿ ಮಾಂಸದ ಚೀಲ ಮನೆಯ ಗಂಡಸಿಗೆ ಸೇರಬೇಕಾದ್ದು, ಅಂದರೆ ವೈಸನ್‌ಗೆ. ಅಕ್ಕ ಅದನ್ನು ಸೀಳಿದಾಗ ಬೆಳಿಗ್ಗೆ ನಾನು ತಿನ್ನಿಸಿದ ಜೋಳ ಇನ್ನೂ ಅರ್ಧಂಬರ್ಧ ಅರೆದು ಹಾಗೇ ಇತ್ತು. ಅವಳು ಅದನ್ನು ಅಂಗಳಕ್ಕೆ ಕೊಡವಿದಳು. ಕೆಂಪು ಹುಂಜ ಓಡಿಬಂದು ಒಂದು ಚೂರೂ ಗುರಿ ತಪ್ಪದೆ ಹೆಕ್ಕಿ ತಿಂದಿತು.

ಊಟಕ್ಕೆ ಕೂತಾಗ ವೈಸನ್ ಬಾಯಿ ಚಪ್ಪರಿಸಿ, ಚೆನ್ನಾಗಿ ಸಾಕಿದ ಕೋಳಿ, ರುಚಿಯಲ್ಲೇ ಗೊತ್ತಾಗುತ್ತೆ ಎಂದ. ಮುದ್ದೆ ಮುರಿಯುತ್ತಾ ನನ್ನ ಕಡೆ ನೋಡಿ ನಕ್ಕ. ಕೆಟ್ಟವನೇನಲ್ಲ.

"ಇನ್ಮೇಲೆ ನಮ್ಮ ಹುಂಜಕ್ಕೂ ಇವಳೇ ಕಾಳು ಹಾಕಲಿ."

"ಹಾಕ್ತಾಳೆ ಬಿಡಿ," ಎಂದಳು ಅಕ್ಕ, ಸಾರಿನ ಪಾತ್ರೆಯನ್ನು ಅವನ ಕಡೆ ಸರಿಸುತ್ತಾ.